ಎಡಗಡೆಯ ಸ್ಪೀಕರ್, ಎರ್ರಿಸ್ವಾಮಿ ಮಾಸ್ತರ ಕಿವಿ

ಸ್ಪೀಕರಿನ ಎರಡು ವೈರು ಅದಲುಬದಲಾದರೆ ಏನೂ ಸುಡುವುದಿಲ್ಲ. ಹೊಗೆ ಬರುವುದಿಲ್ಲ, ಫ್ಯೂಸ್ ಹೋಗುವುದಿಲ್ಲ, ಸದ್ದೂ ನಿಲ್ಲುವುದಿಲ್ಲ. ಮನೆಯವರು ಚಹಾ ಕೊಟ್ಟು, ಚಲೋ ಆಯಿತು ಅಂದು ಕಳಿಸುತ್ತಾರೆ. ಕರೆಂಟಿನ ಕೆಲಸದಲ್ಲಿ ತಪ್ಪಿದರೆ ತಪ್ಪಿದವನಿಗೇ ಶಾಕ್ ಹೊಡೆಯುತ್ತದೆ. ನಮ್ಮ ಕೆಲಸದಲ್ಲಿ ತಪ್ಪು ನಮ್ಮದು, ಹೊಡೆತ ಮನೆಯವರದು. ಹೋಂ ಥಿಯೇಟರ್ ಕೂರಿಸುವ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ, ಹತ್ತು ಸಾಲಿಗೆ ಒಂದು ಸಂಜೆ ಹಿಡಿಯುತ್ತದೆ. ಹಿಡಿಯಲಿ. ಇಷ್ಟು ವರ್ಷವಾದರೂ ಸಿಟ್ಟು ಇಳಿದಿಲ್ಲ, ಅದಕ್ಕೆ ಅವಸರವೂ ಇಲ್ಲ.

ಕೆಲಸ ಕಲಿತದ್ದು ಬಳ್ಳಾರಿಯ ಕೌಲ್ ಬಜಾರಿನ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ. ಕಲಿಸಿದವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು, ನಾನೂ ಅಷ್ಟೇ. ಅವರ ಜೇಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸೆಲ್ ಇರುತ್ತಿತ್ತು. ಸ್ಪೀಕರಿನ ವೈರು ಎಳೆದಾದ ಮೇಲೆ ಆ ಸೆಲ್ಲಿನ ಎರಡು ತುದಿಗೆ ವೈರಿನ ಎರಡು ಎಳೆ ಮುಟ್ಟಿಸಬೇಕು. ಸ್ಪೀಕರಿನ ಮುಂದಿನ ಕಾಗದ ಹೊರಗೆ ಉಬ್ಬಿದರೆ ಪ್ಲಸ್ಸು ಪ್ಲಸ್ಸಿಗೆ ಸೇರಿದೆ ಅಂತ ಅರ್ಥ. ಒಳಗೆ ಎಳೆದುಕೊಂಡರೆ ವೈರು ತಿರುವುಮುರುವಾಗಿದೆ. ಎರಡು ನಿಮಿಷದ ಕೆಲಸ. ಸಂಜೆ ಅಂಗಡಿಗೆ ವಾಪಸ್ಸು ಬಂದರೆ ಉಸ್ತಾದ್ ಮತ್ತೇನೂ ಕೇಳುತ್ತಿರಲಿಲ್ಲ.

"ಸೆಲ್ ಹಚ್ಚಿದ್ಯಾ?"

"ಹಚ್ಚೀನಿ ಉಸ್ತಾದ್."

"ಹೊರಗ ಬಂತಾ?"

"ಬಂತು."

"ಹೋಗು ಮನಿಗಿ."

ಉಸ್ತಾದ್ ಹೋದ ಮೇಲೆ ನಾನು ಸೇರಿದ್ದು ಬಳ್ಳಾರಿಯ ಒಂದು ದೊಡ್ಡ ಗಾಜಿನ ಅಂಗಡಿಗೆ. ಟಿ.ವಿ., ಫ್ರಿಜ್, ಹೋಂ ಥಿಯೇಟರ್ ಮಾರುವ ಅಂಗಡಿ. ಹೆಸರು ಬರೆಯುವುದಿಲ್ಲ. ಮಾಲೀಕರನ್ನು ನಾವು ಸಾಹುಕಾರ್ರು ಅನ್ನುತ್ತಿದ್ದೆವು. ಅವರಿಗೆ ಕಿವಿಯ ಮೇಲೆ ನಂಬಿಕೆ ಇರಲಿಲ್ಲ, ಕಣ್ಣಿನ ಮೇಲಿತ್ತು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯವರ ಒಂದು ಮನೆಗೆ ಕಳಿಸಿದರು. ಐದು ಸ್ಪೀಕರ್ ಪೆಟ್ಟಿಗೆಯನ್ನೂ ಟಿ.ವಿ. ಸುತ್ತ ಒಂದೇ ಗೋಡೆಗೆ ಹೊಡೆಯಬೇಕಂತೆ, ಹಿರಿಯರ ಫೋಟೋಕ್ಕೆ ಹಾರ ಹಾಕಿದ ಹಾಗೆ. ಹಿಂದಿನ ಎರಡು ಪೆಟ್ಟಿಗೆ ಕೂತವರ ಬೆನ್ನ ಹಿಂದೆ ಇರಬೇಕು, ಇಲ್ಲದಿದ್ದರೆ ಸುತ್ತಲಿನ ಸದ್ದು ಬರುವುದಿಲ್ಲ ಅಂದೆ. ಮನೆಯ ಯಜಮಾನರು ನಕ್ಕರು.

"ಹಿಂದ ಇಟ್ರ ಬಂದೋರಿಗಿ ಕಾಣಂಗಿಲ್ಲಲೋ. ಕಾಣಲಿಲ್ಲಂದ್ರ ಕೊಂಡು ಏನ್ ಬಂತು?"

ಸಾಹುಕಾರರಿಗೆ ಫೋನ್ ಹಚ್ಚಿದೆ. "ಅವರು ಎಲ್ಲಿ ಹೊಡೀ ಅಂತಾರೋ ಅಲ್ಲಿ ಹೊಡೀ. ನಿನ್ನ ಮನ್ಯಾಗ ನಿನಗ ಬೇಕಾದಂಗ ಹೊಡಕೊ" ಅಂದರು. ಹೊಡೆದು ಬಂದೆ. ನನ್ನ ಮನೆಯಲ್ಲಿ ಆಗ ಒಂದು ಟ್ರಾನ್ಸಿಸ್ಟರ್ ಇತ್ತು.

ಕುರುಗೋಡಿನ ಮನೆಯದು ಇನ್ನೊಂದು ಕಥೆ. ನೆಲಕ್ಕೆ ಗ್ರಾನೈಟ್, ಗೋಡೆಗೆ ಅರ್ಧದ ತನಕ ಗ್ರಾನೈಟ್. ಯಾರಾದರೂ ಕೆಮ್ಮಿದರೆ ಕೆಮ್ಮು ಮೂರು ಸಲ ತಿರುಗಿ ಬರುತ್ತಿತ್ತು. ಅಲ್ಲಿ ಎಂಥ ಸ್ಪೀಕರ್ ಇಟ್ಟರೂ ಮಾತು ಗೊಜ್ಜಾಗುತ್ತಿತ್ತು. ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯುವವರ ಹತ್ತಿರ ಕತ್ತರಿಸಿ ಬಿಸಾಕಿದ ಚಿಂದಿ ಮೂಟೆಗಟ್ಟಲೆ ಬಿದ್ದಿರುತ್ತದೆ. ಎರಡು ಮೂಟೆ ತಂದು ಕಟ್ಟಿಗೆ ಚೌಕಟ್ಟಿನಲ್ಲಿ ತುಂಬಿ, ಮೇಲೆ ಬಟ್ಟೆ ಬಿಗಿದು, ಹಿಂದಿನ ಗೋಡೆಗೆ ನಾಲ್ಕು ನಿಲ್ಲಿಸಿದೆ. ಮಾತು ಬಿಡಿಬಿಡಿಯಾಗಿ ಕೇಳಿತು. ಮನೆಯವರಿಗೆ ಖುಷಿಯಾಯಿತು, ಸಾಹುಕಾರರಿಗೆ ಆಗಲಿಲ್ಲ. "ಚಿಂದಿ ಹೊತಗೊಂಡು ಹೋಗಿ ಅಂಗಡಿ ಮರ್ಯಾದಿ ಕಳದಿ" ಅಂದರು. ಮುಂದಿನ ವರ್ಷ ಅದೇ ಚೌಕಟ್ಟಿಗೆ ಒಂದು ಇಂಗ್ಲಿಷ್ ಹೆಸರು ಇಟ್ಟು ಅವರೇ ಮಾರಿದರು. ಒಳಗೆ ಅದೇ ಚಿಂದಿ ಇತ್ತು. ತುಂಬಿದವನು ನಾನೇ.

ಇವೆಲ್ಲ ನಗುವಂಥವು. ಈಗ ಹೇಳುವುದರಲ್ಲಿ ನಗು ಕಡಿಮೆ.

ಸಿರಿಗೇರಿಯಲ್ಲಿ ಎರ್ರಿಸ್ವಾಮಿ ಮಾಸ್ತರು ಅಂತ ಇದ್ದಾರೆ. ಬಯಲಾಟದ ಮಾಸ್ತರು. ಸುಗ್ಗಿ ಮುಗಿದ ಮೇಲೆ ಊರಿನವರು ಆಟ ಕಲಿಯಲು ಕೂತರೆ ಹಾರ್ಮೋನಿಯಂ ಹಿಡಿದು ಹಾಡು, ಮಾತು, ಕುಣಿತ ಎಲ್ಲ ತಿದ್ದುವವರು ಅವರು. ಸುತ್ತ ಹತ್ತು ಊರಿನಲ್ಲಿ ಅವರ ಕಿವಿಗೆ ಹೆಸರು. ಇಪ್ಪತ್ತು ಜನ ಕೂಡಿ ಹಾಡುವಾಗ ಹಿಂದಿನ ಸಾಲಿನಲ್ಲಿ ಒಬ್ಬ ಶ್ರುತಿ ಬಿಟ್ಟರೆ, ತಲೆ ಎತ್ತದೆ ಅವನ ಹೆಸರು ಕರೆಯುತ್ತಿದ್ದರು. ಅವರ ತಂಡದ ಒಂದು ಆಟವನ್ನು ಮದುವೆ ವಿಡಿಯೋ ಮಾಡುವವರು ಪೂರ್ತಿ ಹಿಡಿದು ಪೆನ್ ಡ್ರೈವಿನಲ್ಲಿ ಕೊಟ್ಟಿದ್ದರು. ಅದನ್ನು ಅಪ್ಪ ಚೆನ್ನಾಗಿ ಕೇಳಲಿ ಅಂತ, ಬಳ್ಳಾರಿಯಲ್ಲಿ ನರ್ಸ್ ಆಗಿದ್ದ ಮಗಳು ಹೋಂ ಥಿಯೇಟರ್ ಕೊಡಿಸಿದಳು. ಕೂರಿಸಲು ಹೋದವನು ನಾನು.

ಸಾಹುಕಾರರು ಕೊಟ್ಟ ವೈರಿನಲ್ಲಿ ಎರಡು ಎಳೆಯೂ ಬಿಳಿ. ಯಾವುದು ಪ್ಲಸ್ಸು, ಯಾವುದು ಮೈನಸ್ಸು ಗೊತ್ತಾಗಲು ಗೆರೆ ಇಲ್ಲ, ಬಣ್ಣವಿಲ್ಲ. ಉಸ್ತಾದ್ ಅಂಥ ವೈರಿಗೆ ಕೆಂಪು ದಾರ ಕಟ್ಟುತ್ತಿದ್ದರು. ನಾನು ಒಂದು ಸುಲಭದ ದಾರಿ ಹಿಡಿದಿದ್ದೆ. ಮನೆಯವರ ಹತ್ತಿರ ಚಿಟಿಕೆ ಕುಂಕುಮ ಇಸಿದುಕೊಂಡು, ನೀರಲ್ಲಿ ಕಲಸಿ, ಪ್ಲಸ್ ಎಳೆಯ ಎರಡೂ ತುದಿಗೆ ಹಚ್ಚುತ್ತಿದ್ದೆ. ಅಂದೂ ಹಚ್ಚಿದೆ. ಬಲಗಡೆಯ ಸ್ಪೀಕರ್ ಪೂರ್ತಿ ಜೋಡಿಸಿದೆ. ಎಡಗಡೆಯದಕ್ಕೆ, ಸ್ಪೀಕರುಗಳಿಗೆ ಸದ್ದು ಕಳಿಸುವ ಮೆಷಿನ್ನಿನ ಕಡೆಯ ತುದಿ ಮಾತ್ರ ಸಿಕ್ಕಿಸಿದೆ, ಸ್ಪೀಕರಿನ ಕಡೆಯ ತುದಿ ಬಿಟ್ಟೆ. ಮಾಸ್ತರ ಹೆಂಡತಿ ಗಂಗಮ್ಮನವರು ಒಗ್ಗರಣೆ ಮಂಡಕ್ಕಿ ಮಾಡಿದ್ದರು. "ತಿಂದು ಬಾರಪ್ಪ, ಅಷ್ಟ್ರಾಗ ನಾ ಪೂಜಿ ಮಾಡ್ತೀನಿ" ಅಂದರು. ಹೊಸ ವಸ್ತು ಮನೆಗೆ ಬಂದರೆ ಪೂಜೆ ಮಾಡದೆ ಬಿಡುವವರು ನಮ್ಮಲ್ಲಿ ಯಾರು.

ನಾನು ಕಟ್ಟೆಯ ಮೇಲೆ ತಿಂದು ಕೈ ತೊಳೆದು ಬಂದೆ. ಐದೂ ಪೆಟ್ಟಿಗೆಗೆ ಅರಿಶಿನ ಕುಂಕುಮ ಬಿದ್ದಿತ್ತು, ರಿಮೋಟಿಗೂ ಬಿದ್ದಿತ್ತು. ನೆಲದ ಮೇಲೆ ಬಿಟ್ಟಿದ್ದ ವೈರಿನ ತುದಿಗೂ ಬಿದ್ದಿತ್ತು. ಈಗ ಎರಡು ಎಳೆಯೂ ಕೆಂಪು. ಒಂದು ಕಡುಕೆಂಪು, ಒಂದು ಮಾಸಲು. ಕಡುಕೆಂಪಿನದು ನಾನು ಹಚ್ಚಿದ್ದು ಅಂದುಕೊಂಡು ಅದನ್ನೇ ಸ್ಪೀಕರಿನ ಪ್ಲಸ್ಸಿಗೆ ಸಿಕ್ಕಿಸಿದೆ. ಅವರು ಈಗ ತಾನೇ ಹಚ್ಚಿದ್ದು ಹೊಸದಾಗಿ ಹೊಳೆಯುತ್ತದೆ, ನಾನು ಹಚ್ಚಿದ್ದು ಒಣಗಿ ಮಾಸಿರುತ್ತದೆ ಅನ್ನುವಷ್ಟು ಯೋಚನೆ ಮಾಡಲಿಲ್ಲ. ಜೇಬಿನಲ್ಲಿ ಸೆಲ್ ಇತ್ತು. ಮುಟ್ಟಲಿಲ್ಲ. ಯಾಕೆಂದರೆ ಫೋನು ಬಡಿದುಕೊಳ್ಳುತ್ತಿತ್ತು.

"ಎಲ್ಲದೀಯಲೇ ಮಾರೆಣ್ಣ? ಸಿರುಗುಪ್ಪದವರು ಕುಂತು ಕಾಯಾಕತ್ಯಾರ."

"ಬಂದೆ ಸಾಹುಕಾರ್ರೆ, ಮೈಕ್ ಇಟ್ಟು ನೋಡಿ ಬರ್ತೀನಿ."

ಈಗಿನ ಮೆಷಿನ್ನಿನ ಜೊತೆ ಒಂದು ಸಣ್ಣ ಮೈಕ್ ಬರುತ್ತದೆ. ಕೂರುವ ಜಾಗದಲ್ಲಿ ಅದನ್ನಿಟ್ಟರೆ ಮೆಷಿನ್ನು ಒಂದೊಂದೇ ಸ್ಪೀಕರಿಗೆ ಸದ್ದು ಕಳಿಸಿ, ತಾನೇ ಅಳೆದು, ಏನು ಕಂಡಿತು ಅಂತ ಟಿ.ವಿ. ಮೇಲೆ ತೋರಿಸುತ್ತದೆ. ಅಂದು ಎರಡು ಸಾಲು ತೋರಿಸಿತು. ಇಂಗ್ಲಿಷಿನಲ್ಲಿ. ನನಗೆ ಆಗ ಕನ್ನಡವೇ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಇಂಗ್ಲಿಷ್ ಸೊನ್ನೆ. ಫೋಟೋ ತೆಗೆದು ಸಾಹುಕಾರರಿಗೆ ವಾಟ್ಸಾಪ್ ಮಾಡಿದೆ. ಕೂಡಲೇ ಫೋನ್ ಬಂತು.

"ಅದು ಎಲ್ಲಾ ಮನ್ಯಾಗೂ ಹಂಗ ತೋರಸ್ತತಿ. ಮುಂದಕ ಒತ್ತು."

ಒತ್ತಿದೆ. ಒಂದು ಫೈಟಿಂಗ್ ಸಿನಿಮಾ ಹಾಕಿದೆ. ಗಾಜು ಒಡೆಯಿತು, ಜೀಪು ಬೆನ್ನ ಹಿಂದಿನಿಂದ ಬಂತು, ಗಂಗಮ್ಮನವರು ತಿರುಗಿ ನೋಡಿದರು. ಸಿನಿಮಾದ ಮಾತು ನಡುವಿನ ಸ್ಪೀಕರಿನಿಂದ ಬರುತ್ತದೆ, ಅದು ಸರಿ ಇತ್ತು. ಆದರೆ ಮಾಸ್ತರ ಆಟದ ವಿಡಿಯೋ ಹಾಗಲ್ಲ. ಅದರ ಹಾಡೆಲ್ಲ ಎಡ ಬಲದ ಎರಡೇ ಸ್ಪೀಕರಿನಿಂದ ಬರುತ್ತದೆ. ಒಂದು ತಿರುವುಮುರುವಾಗಿದ್ದರೆ, ಬಲಗಡೆಯದು ಗಾಳಿ ನೂಕುವಾಗ ಎಡಗಡೆಯದು ಎಳೆದುಕೊಳ್ಳುತ್ತದೆ. ದನಿಯ ಕಸುವೆಲ್ಲ ನಡುವೆ ಸತ್ತುಹೋಗುತ್ತದೆ. ಸದ್ದು ಜೋರಾಗಿಯೇ ಇರುತ್ತದೆ, ಹಾಡುವವನು ಮಾತ್ರ ಎಲ್ಲಿ ನಿಂತಿದ್ದಾನೆ ತಿಳಿಯುವುದಿಲ್ಲ.

ಮಾಸ್ತರು ಹದಿನೈದು ದಿನದಲ್ಲಿ ಅಂಗಡಿಗೆ ಫೋನ್ ಮಾಡಿದರು. ಅವರ ಮಾತು ಇವತ್ತಿಗೂ ನನಗೆ ಬಾಯಿಪಾಠ.

"ಹಾಡೋನಿಗೆ ಎದಿನ ಇಲ್ಲದಂಗ ಕೇಳ್ತತಿ. ಗ್ವಾಡಿ ಹಿಂದ ನಿಂತು ಹಾಡಿದಂಗ."

ಮೂವತ್ತು ವರ್ಷ ಈ ಕೆಲಸ ಮಾಡಿದವನು ಹೇಳುತ್ತೇನೆ, ವೈರು ತಿರುವುಮುರುವಾದ ಸದ್ದನ್ನು ಇದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು. ಕಾಯಿಲೆಯ ಹೆಸರು ಬಿಟ್ಟು ಎಲ್ಲವನ್ನೂ ಹೇಳಿಬಿಟ್ಟಿದ್ದರು. ಸಾಹುಕಾರರು ತಮ್ಮ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೋದರು. ದಾರಿಯಲ್ಲೇ ಹೇಳಿದರು, "ಅಲ್ಲಿ ನೀ ಬಾಯಿ ತೆರೀಬ್ಯಾಡ."

ಮನೆಯಲ್ಲಿ ಆಟದ ತಂಡದ ಯಜಮಾನ ದೊಡ್ಡಬಸಪ್ಪನವರೂ ಇನ್ನೂ ಮೂರು ನಾಲ್ಕು ಜನರೂ ಕೂತಿದ್ದರು. ಸಾಹುಕಾರರು ಸಿನಿಮಾ ಹಾಕಿಸಿದರು.

"ಇದು ಚಲೋ ಕೇಳ್ತತೋ ಇಲ್ಲೋ?"

"ಕೇಳ್ತತಿ" ಅಂದರು ಎಲ್ಲರೂ.

"ಹಾಡಿನ ವಿಡಿಯೋ ಹಾಕು. ಅಮ್ಮಾ, ನಿಮಗ ಕೇಳ್ತತಿಲ್ಲೋ?"

"ಜೋರ್ ಕೇಳ್ತತ್ರಿ" ಅಂದರು ಗಂಗಮ್ಮನವರು. ಪಾಪ, ಕೇಳುತ್ತಿತ್ತು.

"ನಂಗ ಸರಿ ಇಲ್ಲ. ಫೋನಿನ್ಯಾಗ ಹಾಕಿದ್ರ ಸರಿ ಇರ್ತತಿ" ಅಂದರು ಮಾಸ್ತರು.

ಸಾಹುಕಾರರು ನಕ್ಕರು. "ಮಾಸ್ತರ, ಫೋನು ಕಿವಿಗೆ ಹಿಡಕಂಡ್ರ ಯಾರಿಗ್ಯಾದ್ರೂ ಕೇಳ್ತತಿ. ದೂರದ್ದು ಕೇಳವಲ್ದು ಅಂದ್ರ ಅದು ಮೆಷಿನ್ನಿಂದಲ್ಲ, ವಯಸ್ಸಿಂದು. ಎಲ್ಲರಿಗೂ ಸರಿ ಕೇಳಿದ್ದು ನಿಮಗೊಬ್ರಿಗೆ ಕೇಳವಲ್ದು ಅಂದ್ರ ಏನ್ ಅರ್ಥ ನೀವ ಹೇಳ್ರಿ. ಬಳ್ಳಾರ್ಯಾಗ ಕಿವಿ ಡಾಕ್ಟ್ರದಾರ, ಮಗಳಿಗಿ ಹೇಳಿ ಒಮ್ಮಿ ತೋರಿಸ್ರಿ."

ಮಾಸ್ತರು ನನ್ನ ಕಡೆ ನೋಡಿದರು. ಕೂರಿಸಿದವನು ನಾನು. ಸೆಲ್ ಜೇಬಿನಲ್ಲಿತ್ತು. ಬಗ್ಗಿ ಪೆಟ್ಟಿಗೆಯ ಹಿಂದೆ ಕೈ ಹಾಕಿದ್ದರೆ ಮುಗಿಯುತ್ತಿತ್ತು. ನಾನು ಟಿ.ವಿ. ನೋಡುತ್ತಾ ನಿಂತೆ. ಆ ನಿಂತದ್ದನ್ನು ನೆನೆದರೆ ಸಾಹುಕಾರರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನದು ಹೆಚ್ಚಾಗುತ್ತದೆ.

ಕಿವಿ ಡಾಕ್ಟರು ವಯಸ್ಸಿಗೆ ತಕ್ಕ ಹಾಗೆ ಇದೆ ಅಂದರಂತೆ. ಆ ಮಾತು ಸಿರಿಗೇರಿಗೆ ಬರುವಷ್ಟರಲ್ಲಿ ಮಾಸ್ತರಿಗೆ ಕಿವಿ ಹೋಗಿದೆ ಅಂತ ಆಯಿತು. ಆ ಸುಗ್ಗಿಗೆ ದೊಡ್ಡಬಸಪ್ಪನವರು ವೀಳ್ಯ ತಂದು ಕೊಡಲಿಲ್ಲ. ಆಟ ಕಲಿಸಲು ಮಾಸ್ತರನ್ನು ಕರೆಯುವುದು ವೀಳ್ಯ ಕೊಟ್ಟೇ. ಹತ್ತಿರದ ಕರೂರಿನಿಂದ ಒಬ್ಬ ಕೀಬೋರ್ಡಿನವನನ್ನು ಕರೆಸಿದರು. ಮಾಸ್ತರು ಹಾರ್ಮೋನಿಯಮ್ಮಿಗೆ ಕೌದಿ ಸುತ್ತಿ ಅಟ್ಟಕ್ಕೆ ಹಾಕಿದರು. ಇದೆಲ್ಲ ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ.

ಆ ಎರಡು ವರ್ಷದಲ್ಲಿ ನಾನು ಓದಲು ಕೂತೆ. ಐವತ್ತರ ಹತ್ತಿರ ವಯಸ್ಸು. ಮಗಳು ಪಿ.ಯು.ಸಿ. ಓದುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು ಎಸ್.ಎಸ್.ಎಲ್.ಸಿ. ಕಟ್ಟಿದೆ. ಇಂಗ್ಲಿಷ್ ಕಲಿಯಲು ಕಣ್ಣಿಗೆ ಬಿದ್ದದ್ದೆಲ್ಲ ಓದುತ್ತಿದ್ದೆ. ಗುಳಿಗೆ ಚೀಟಿ, ಲಾರಿ ಹಿಂದಿನ ಬರಹ, ಸೋಪಿನ ಕವರು. ಒಂದು ಭಾನುವಾರ ಬೆಳಿಗ್ಗೆ ಫೋನಿನಲ್ಲಿದ್ದ ಹಳೇ ಫೋಟೋಗಳನ್ನು ತೆಗೆದು ಓದಲು ಕೂತೆ. ಆ ಎರಡು ಸಾಲು ಸಿಕ್ಕವು. ಮುಂದಿನ ಎಡಗಡೆಯ ಸ್ಪೀಕರ್ ಅನ್ನುವ ತನಕ ಓದಿದೆ. ಆಮೇಲಿನ ಒಂದು ಪದ ಗೊತ್ತಾಗಲಿಲ್ಲ.

"ಇದೇನವ್ವ?"

ಮಗಳು ಇಣುಕಿ ನೋಡಿದಳು. "ಪೊಲಾರಿಟಿ ಅಂತ ಐತಪ್ಪ. ಪ್ಲಸ್ ಮೈನಸ್. ಎಡಗಡೆದು ಅದಲುಬದಲು ಆಗಿರಬಹುದು, ನೋಡ್ರಿ ಅಂತ ಐತಿ."

ಎರಡು ವರ್ಷ ಆ ಮಾತು ನನ್ನ ಜೇಬಿನಲ್ಲೇ ಇತ್ತು. ಸೆಲ್ಲಿನ ಪಕ್ಕದಲ್ಲಿ. ಮೆಷಿನ್ನು ಮಾಡಿ ಸಿರಿಗೇರಿಗೆ ಮಾರುವವರಿಗೆ ಸಿರಿಗೇರಿಯ ಭಾಷೆಯಲ್ಲಿ ಎರಡು ಸಾಲು ಬರೆಯಲು ಏನು ಧಾಡಿ? ಈಗ ಎಲ್ಲ ಒಂದೇ ಉದ್ದನೆಯ ಪೆಟ್ಟಿಗೆಯಲ್ಲಿ ಬರುತ್ತದೆ, ಫೋನಿನಲ್ಲೇ ಅಳತೆ ಮಾಡುತ್ತದೆ. ಕೂರಿಸುವ ಹುಡುಗರು ಆ ಅಳತೆಯನ್ನು ಈಗಲೂ ಇಂಗ್ಲಿಷಿನಲ್ಲೇ ಓದಬೇಕು. ಇನ್ನೊಂದು ಮಾತು. ವೈರು ಸರಿ ಇದ್ದರೂ ಕೆಲವು ಮನೆಯಲ್ಲಿ ಆ ಎರಡು ಸಾಲು ಬರುತ್ತವೆ, ಅದು ನಿಜ. ಅದಕ್ಕೇ ಸೆಲ್ ಹಚ್ಚಿ ನೋಡಬೇಕು. ಸಾಹುಕಾರರಿಗೆ ಇಂಗ್ಲಿಷ್ ಬರುತ್ತಿತ್ತು. ಓದಿಯೇ ಮುಂದಕ್ಕೆ ಒತ್ತಿಸಿದ್ದರು.

ಸೋಮವಾರ ಅವರ ಮುಂದೆ ಫೋಟೋ ಹಿಡಿದೆ.

"ಎರಡು ವರ್ಷದ್ದು ಈಗ್ಯಾಕ ಕೆದಕ್ತಿ? ಒಬ್ಬರಿಗೆ ತಪ್ಪಾತು ಅಂದ್ರ ನಾಳಿ ಹತ್ತು ಮನಿಯವರು ಬರ್ತಾರ."

"ಮತ್ತ ಅವರ ಕಿವಿ?"

"ವಯಸ್ಸಾಗೇತಲ್ಲೋ. ಇವತ್ತಲ್ಲಾಂದ್ರ ನಾಳಿ ಹೋಗದ."

ಮರುದಿನ ರಜೆ ಹೇಳಿ ಸಿರುಗುಪ್ಪದ ಬಸ್ಸು ಹತ್ತಿದೆ. ಸಿರಿಗೇರಿ ಕ್ರಾಸಿನಲ್ಲಿ ಇಳಿದು ಯಾರದೋ ಗಾಡಿಯ ಹಿಂದೆ ಕೂತು ಊರು ಸೇರಿದೆ. ಮಾಸ್ತರು ಕಟ್ಟೆಯ ಮೇಲಿದ್ದರು.

"ಬಾ ಮಾರೆಣ್ಣ. ಮತ್ತೇನ್ ಮಾರಾಕ ಬಂದಿ?"

"ತಪ್ಪು ಹೇಳಾಕ ಬಂದೀನ್ರಿ."

ಕುಂಕುಮದ ಕಥೆ, ಫೋಟೋ ಕಥೆ, ಬಾಯಿ ಮುಚ್ಚಿ ನಿಂತ ಕಥೆ ಎಲ್ಲ ಹೇಳಿದೆ. ಅವರು ಒಳಗೆ ನಡೆದರು. ಎಡಗಡೆಯ ಸ್ಪೀಕರಿನ ಜಾಳಿಗೆ ತೆಗೆದು, ಮೆಷಿನ್ನಿನ ಹಿಂದಿನ ವೈರು ಬಿಚ್ಚಿ ಸೆಲ್ ಮುಟ್ಟಿಸಿದೆ. ಕಾಗದ ಒಳಗೆ ಹೋಯಿತು. ಬಲಗಡೆಯದಕ್ಕೆ ಮುಟ್ಟಿಸಿದೆ, ಹೊರಗೆ ಬಂತು. ಮಾಸ್ತರು ಎರಡಕ್ಕೂ ಬೆರಳಿಟ್ಟು ನೋಡಿದರು. ಬಾಗಿಲಲ್ಲಿ ನಿಂತಿದ್ದ ಗಂಗಮ್ಮನವರ ಮುಖ ಸಣ್ಣದಾಯಿತು.

"ಅಂದ್ರ ನಾ ಹಚ್ಚಿದ ಕುಂಕುಮದಿಂದ ಆತೇನಪ್ಪ?"

"ಇಲ್ಲಮ್ಮ. ನೀವು ಪೂಜಿ ಮಾಡೀರಿ, ಅದು ನಿಮ್ಮ ಕೆಲಸ. ಸೆಲ್ ಹಚ್ಚದು ನನ್ನ ಕೆಲಸ, ನಾ ಮಾಡಲಿಲ್ಲ."

ವೈರು ಸರಿ ಮಾಡಿ ಆಟದ ವಿಡಿಯೋ ಹಾಕಿದೆ. ಮಾಸ್ತರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ, "ಮತ್ತ ತಪ್ಪು ಮಾಡು" ಅಂದರು. ಅದಲುಬದಲು ಮಾಡಿದೆ. "ಈಗ ಸರಿ ಮಾಡು." ಮಾಡಿದೆ. ಮೂರು ಸಲ ಮಾಡಿಸಿದರು. ಆಮೇಲೆ ಟಿ.ವಿ. ಆರಿಸಲು ಹೇಳಿದರು.

"ಎರಡು ವರ್ಷ, ಮಾರೆಣ್ಣ. ಇಕಿ ಕರದ್ರ, ಇಕಿ ದನಿ ಹಿಂಗ ಇತ್ತಾ ಮೊದ್ಲು ಅಂತ ಅನುಮಾನ. ಗುಡಿ ಗಂಟಿ ಬಡದ್ರ ಅನುಮಾನ. ಹಾರ್ಮೋನಿಯಂ ಮುಟ್ಟಾಕ ಹೆದರೀನಿ, ಅದೂ ತಪ್ಪು ಕೇಳಿದ್ರ ಏನ್ ಮಾಡ್ಲಿ ಅಂತ. ನಿಂದು ಎರಡು ನಿಮಿಷದ ಕೆಲಸೇನು ಇದು?"

"ಹೌದ್ರಿ."

"ಆವತ್ತ ನಿಮ್ಮ ಸಾಹುಕಾರ ನಾಕು ಮಂದಿ ಮುಂದ ಅಂದಾನ. ನೀನೂ ನಾಕು ಮಂದಿ ಮುಂದ ಹೇಳು. ಅಲ್ಲಿಗಂಟ ಎದ್ದು ಹೋಗಬ್ಯಾಡ."

ದೊಡ್ಡಬಸಪ್ಪನವರನ್ನೂ ತಂಡದವರನ್ನೂ ಕರೆಸಿದರು. ನಿಂತು ಮತ್ತೆ ಮೊದಲಿನಿಂದ ಹೇಳಿದೆ. ನಾಚಿಕೆ ಎರಡನೇ ಸಲಕ್ಕೆ ಕಡಿಮೆಯಾಗುತ್ತದೆ ಅನ್ನುವುದು ಸುಳ್ಳು. ದೊಡ್ಡಬಸಪ್ಪನವರು ಗಂಟಲು ಸರಿಮಾಡಿಕೊಂಡರು.

"ಅಲ್ರಿ ಮಾಸ್ತರ, ಈ ವರ್ಷದ್ದು ಕೀಬೋರ್ಡಿನವನಿಗೆ ವೀಳ್ಯ ಕೊಟ್ಟುಬಿಟ್ಟೇವಿ."

"ನಾ ವೀಳ್ಯ ಕೇಳಾಕ ಕರೆಸಿಲ್ಲ. ಕುಂತು ಹಾಡು ಕೇಳ್ರಿ."

ವಿಡಿಯೋ ಓಡಿತು. ಹಾಡುವವರು ಈಗ ಟಿ.ವಿ.ಯ ನಡುವೆ, ನಮ್ಮ ಎದುರಿಗೆ ನಿಂತಿದ್ದರು. ಒಂದು ಕಡೆ ಮಾಸ್ತರು ಕೈ ಎತ್ತಿದರು. "ಇಲ್ಲಿ. ರಾಕ್ಷಸ ಶ್ರುತಿ ಬಿಟ್ಟ. ಯಾರು ಆಗಿದ್ರಿ ರಾಕ್ಷಸ?"

ಎಲ್ಲರೂ ದೊಡ್ಡಬಸಪ್ಪನವರ ಕಡೆ ನೋಡಿದರು.

"ನಾನ" ಅಂದರು ಅವರು. "ಅವತ್ತ ನೆಗಡಿ ಇತ್ರಿ."

"ನೆಗಡಿ ನಿಂಗ. ಕಿವಿ ಹೋಗಿದ್ದು ನಂಗ."

ಯಾರೋ ಒಬ್ಬರು ನಕ್ಕರು. ಮಾಸ್ತರು ನನ್ನ ಕೈಯಿಂದ ಸೆಲ್ ಇಸಿದುಕೊಂಡರು. "ಇದು ಇಲ್ಲೇ ಇರ್ಲಿ. ಇನ್ನೊಮ್ಮಿ ಬಂದ್ರ ಊಟಕ್ಕ ಬಾ. ವೈರ್ ಮುಟ್ಟಬ್ಯಾಡ."

ನಾನು ಬಳ್ಳಾರಿ ಮುಟ್ಟುವ ಮೊದಲೇ ಸುದ್ದಿ ಅಂಗಡಿಗೆ ಮುಟ್ಟಿತ್ತು. ಮರುದಿನ ಸಾಹುಕಾರರು, "ಇನ್ನ ನಿನಗ ಇಲ್ಲಿ ಕೆಲಸಿಲ್ಲ" ಅಂದರು. ಆಮೇಲೆ ನಾನು ಸ್ವಂತಕ್ಕೆ ಮಾಡಿಕೊಂಡು ತಿಂದೆ. ಸಾಹುಕಾರರು ಇವತ್ತಿನವರೆಗೂ ಸಿರಿಗೇರಿಗೆ ಹೋಗಿಲ್ಲ. ಆ ಮನೆಯಲ್ಲಿ ಅಂದದ್ದು ತಪ್ಪು ಅಂತ ಎಲ್ಲೂ ಅಂದಿಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟೇ. ಮನೆಯವರು ಸದ್ದು ಸರಿ ಇಲ್ಲ ಅಂದರೆ, ಉಳಿದವರೆಲ್ಲ ಸರಿ ಇದೆ ಅಂದರೂ, ಮೊದಲು ಮೊಣಕಾಲೂರಿ ಪೆಟ್ಟಿಗೆಯ ಹಿಂದೆ ಹೋಗಿ. ಅವರ ಕಿವಿಯ ವಿಚಾರ ನಿಮ್ಮ ಬಾಯಿಗೆ ಬರಬಾರದು.

ಅಂದು ನಾನು ಹೊರಡುವ ಮೊದಲು ಮಾಸ್ತರು ಅಟ್ಟದಿಂದ ಹಾರ್ಮೋನಿಯಂ ಇಳಿಸಲು ಹೇಳಿದರು. ದೊಡ್ಡಬಸಪ್ಪನವರೇ ಹತ್ತಿ ಇಳಿಸಿದರು. ಕೌದಿ ಬಿಚ್ಚಿದಾಗ ಧೂಳೆದ್ದು ಎಲ್ಲರೂ ಕೆಮ್ಮಿದೆವು. ಮಾಸ್ತರು ತಿದಿ ಒತ್ತಿ, ಒಂದೇ ಸ್ವರದ ಮನೆಯನ್ನು ಬಹಳ ಹೊತ್ತು ಹಿಡಿದರು.

"ಇದು ಒಂದ್ ಕೂದಲೆಳಿ ಇಳದೈತಿ" ಅಂದರು.

ನನಗೆ ಆ ಸ್ವರ ಸರಿಯಾಗಿಯೇ ಕೇಳಿತ್ತು. ದೊಡ್ಡಬಸಪ್ಪನವರಿಗೂ ಹಾಗೇ ಕೇಳಿತ್ತು ಅಂತ ಅವರ ಮುಖ ಹೇಳುತ್ತಿತ್ತು. ಅಲ್ಲಿದ್ದ ಒಬ್ಬರಿಗೂ ಅದು ಇಳಿದದ್ದು ತಿಳಿದಿರಲಿಕ್ಕಿಲ್ಲ. ಆದರೂ ದೊಡ್ಡಬಸಪ್ಪನವರು ಎದ್ದು ಹೋಗಿ, ಮೇಲಿನ ಹಲಗೆ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕತೊಡಗಿದರು.